ಮಧುಮೇಹ ಮತ್ತು ಮಹಾಪಧಮನಿಯ ಉಬ್ಬು: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಹೊಟ್ಟೆಯೊಳಗಿನ ಮಹಾಪಧಮನಿ ಉಬ್ಬಿಕೊಳ್ಳುವ ಕಾಯಿಲೆಯ ಬಗ್ಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಸಕ್ಕರೆ ಕಾಯಿಲೆ ಇರುವವರಿಂದ, ಇಲ್ಲವೇ ಅವರ ಮಕ್ಕಳಿಂದ ಬಂದಿವೆ. ಆದ್ದರಿಂದ ಈ ಸಲದ ಅಂಕಣವನ್ನು ಈ ಎರಡು ಕಾಯಿಲೆಗಳ ಸಂಬಂಧಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಂದೆಗೆ 71 ವರ್ಷ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಕಿಡ್ನಿ ಕಲ್ಲಿನ ಅನುಮಾನದಿಂದ ಮಾಡಿಸಿದ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಹೊಟ್ಟೆಯ ಮಹಾಪಧಮನಿ 3.8 ಸೆಂಟಿಮೀಟರ್ ಅಗಲಕ್ಕೆ ಉಬ್ಬಿದೆ ಎಂದು ಗೊತ್ತಾಯಿತು. ಈಗ ಆಪರೇಷನ್ ಬೇಡ, ಆಗಾಗ ಸ್ಕ್ಯಾನ್ ಮಾಡಿಸುತ್ತಿರಿ ಎಂದು ವೈದ್ಯರು ಹೇಳಿದ್ದಾರೆ. ವೈದ್ಯರೇ ಆಗಿರುವ ನಮ್ಮ ಸಂಬಂಧಿಯೊಬ್ಬರು, ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಉಬ್ಬು ನಿಧಾನವಾಗಿ ಬೆಳೆಯುತ್ತದೆ, ಹೆದರಬೇಡಿ ಎಂದರು. ರಕ್ತನಾಳಗಳನ್ನೆಲ್ಲ ಹಾಳು ಮಾಡುವ ಕಾಯಿಲೆ ಇಲ್ಲಿ ಮಾತ್ರ ಒಳ್ಳೆಯದು ಮಾಡುವುದು ಹೇಗೆ ಸಾಧ್ಯ?
— ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಸಂಬಂಧಿ ಹೇಳಿದ್ದು ನಿಜ. ಮಧುಮೇಹ ಇರುವವರಲ್ಲಿ ಈ ಉಬ್ಬು ಕಾಣಿಸಿಕೊಳ್ಳುವುದೂ ಕಡಿಮೆ, ಕಾಣಿಸಿಕೊಂಡರೆ ಅದು ಬೆಳೆಯುವ ವೇಗವೂ ಸರಾಸರಿಯಲ್ಲಿ ಕಡಿಮೆ. ಆ ಮಾತಿನಿಂದ ನಿಮ್ಮ ತಂದೆಯವರು ಎಷ್ಟು ಸಮಾಧಾನ ಪಡಬಹುದು ಎಂಬುದು ಬೇರೆಯೇ ಪ್ರಶ್ನೆ. ಎರಡಕ್ಕೂ ಉತ್ತರಿಸುತ್ತೇನೆ.

ಹೃದಯದಿಂದ ಹೊರಟ ಮಹಾಪಧಮನಿ ಎದೆಯನ್ನು ದಾಟಿ, ಬೆನ್ನುಮೂಳೆಯ ಮುಂಭಾಗದಲ್ಲಿ ಹೊಟ್ಟೆಯೊಳಗೆ ಇಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡು ಕಾಲುಗಳ ಕಡೆಗೆ ಕವಲೊಡೆಯುತ್ತದೆ. ಹೊಟ್ಟೆಯ ಭಾಗದಲ್ಲಿ ಇದರ ಸಹಜ ಅಗಲ ಸುಮಾರು 2 ಸೆಂಟಿಮೀಟರ್. ಅದು 3 ಸೆಂಟಿಮೀಟರ್ ತಲುಪಿದರೆ ವೈದ್ಯರು ಅದನ್ನು ಅನ್ಯೂರಿಸಂ ಎನ್ನುತ್ತಾರೆ. ಸವೆದ ಸೈಕಲ್ ಟ್ಯೂಬು ತೆಳುವಾದ ಜಾಗದಲ್ಲಿ ಉಬ್ಬುವಂತೆ, ರಕ್ತನಾಳದ ಗೋಡೆ ತನ್ನ ಬಿಗಿತ ಕಳೆದುಕೊಂಡ ಕಡೆ ಒತ್ತಡಕ್ಕೆ ಸೋತು ಅಗಲವಾಗುತ್ತದೆ. ಬಹುತೇಕರಿಗೆ ಇದರಿಂದ ಯಾವ ನೋವೂ ಇರುವುದಿಲ್ಲ. ನಿಮ್ಮ ತಂದೆಯವರಂತೆ ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಅದು ಕಣ್ಣಿಗೆ ಬೀಳುತ್ತದೆ. ಉಬ್ಬು ಒಡೆದರೆ ಮಾತ್ರ ಪರಿಸ್ಥಿತಿ ಅತ್ಯಂತ ಗಂಭೀರ. ವಿಜ್ಞಾನಿ ಐನ್‌ಸ್ಟೈನ್ ಅವರು 1955ರ ಏಪ್ರಿಲ್‌ನಲ್ಲಿ ತೀರಿಕೊಂಡದ್ದು ಇದೇ ಉಬ್ಬು ಒಡೆದದ್ದರಿಂದ. 1948ರಲ್ಲಿ ಅವರ ಉಬ್ಬಿಗೆ ಸೆಲ್ಲೋಫೇನ್ ಹಾಳೆ ಸುತ್ತಿ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ ನಡೆದಿತ್ತು, ಆ ಕಾಲದಲ್ಲಿ ಸಾಧ್ಯವಿದ್ದದ್ದು ಅಷ್ಟೇ.

ಮಧುಮೇಹದೊಂದಿಗಿನ ವಿಚಿತ್ರ ಸಂಬಂಧ ದೊಡ್ಡ ಪ್ರಮಾಣದಲ್ಲಿ ಕಂಡುಬಂದದ್ದು ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ. ಅಲ್ಲಿ 50ರಿಂದ 79 ವರ್ಷದೊಳಗಿನ 73,451 ಜನರನ್ನು ಅಲ್ಟ್ರಾಸೌಂಡ್ ಮೂಲಕ ಪರೀಕ್ಷಿಸಿ, 1997ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಧೂಮಪಾನ ಎಲ್ಲಕ್ಕಿಂತ ದೊಡ್ಡ ಕಾರಣವಾಗಿ ಹೊರಬಂತು, ಅದು ನಿರೀಕ್ಷಿತವೇ. ನಿರೀಕ್ಷೆ ಮೀರಿದ್ದೆಂದರೆ, ಮಧುಮೇಹ ಇದ್ದವರಲ್ಲಿ ಉಬ್ಬು ಕಂಡುಬರುವ ಸಾಧ್ಯತೆ ಇತರರಿಗಿಂತ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಮಧುಮೇಹಿಗಳು ಹೃದಯಾಘಾತದಿಂದ ಬೇಗ ಸಾಯುವುದರಿಂದ ಉಬ್ಬು ಬರುವಷ್ಟು ಕಾಲ ಬದುಕುವುದಿಲ್ಲ, ಆದ್ದರಿಂದ ಹೀಗೆ ಕಾಣುತ್ತದೆ ಎಂದು ಯಾರಾದರೂ ವಾದಿಸಬಹುದು. ಆ ವಾದಕ್ಕೆ ಸ್ವಲ್ಪ ಬಲವೂ ಇದೆ. ಆದರೆ ಈಗಾಗಲೇ ಉಬ್ಬು ಇರುವವರನ್ನೇ ವರ್ಷಗಟ್ಟಲೆ ಮತ್ತೆ ಮತ್ತೆ ಅಳೆದು ನೋಡಿದಾಗಲೂ ಅದೇ ಚಿತ್ರ ಸಿಕ್ಕಿತು. 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 18 ಅಧ್ಯಯನಗಳ 15,475 ರೋಗಿಗಳ ಅಳತೆಗಳನ್ನು ಒಟ್ಟುಗೂಡಿಸಿತು. ಚಿಕ್ಕ ಉಬ್ಬುಗಳು ವರ್ಷಕ್ಕೆ ಸರಾಸರಿ 2.21 ಮಿಲಿಮೀಟರ್ ಬೆಳೆಯುತ್ತವೆ, ಧೂಮಪಾನಿಗಳಲ್ಲಿ ಅದಕ್ಕೆ 0.35 ಮಿಲಿಮೀಟರ್ ಸೇರುತ್ತದೆ, ಮಧುಮೇಹಿಗಳಲ್ಲಿ 0.51 ಮಿಲಿಮೀಟರ್ ಕಡಿಮೆಯಾಗುತ್ತದೆ ಎಂದು ಅದು ತೋರಿಸಿತು. ರಕ್ತದೊತ್ತಡದ ಮಾತ್ರೆಗಳು ಬೆಳವಣಿಗೆಯ ವೇಗವನ್ನು ಹೇಳಿಕೊಳ್ಳುವಷ್ಟು ಬದಲಿಸಲಿಲ್ಲ. ಔಷಧಿಗಳು ಸೋತ ಕಡೆ ಒಂದು ಕಾಯಿಲೆ ವೇಗ ತಗ್ಗಿಸಿದ್ದು ಸಂಶೋಧಕರನ್ನು ಇನ್ನೂ ಕಾಡುತ್ತಿದೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ರಕ್ತನಾಳ ಹಾಳಾಗುವುದು ಎಂದರೆ ಒಂದೇ ಬಗೆಯ ಹಾನಿ ಎಂದು ನಾವು ಭಾವಿಸುತ್ತೇವೆ. ಹಾಗಲ್ಲ. ಹೃದಯದ ಮತ್ತು ಕಾಲಿನ ನಾಳಗಳಲ್ಲಿ ಕೊಬ್ಬು ಸೇರಿ ದಾರಿ ಕಿರಿದಾಗುವುದು ಒಂದು ಪ್ರಕ್ರಿಯೆ. ಮಹಾಪಧಮನಿಯ ಗೋಡೆ ಕರಗಿ ತೆಳುವಾಗುವುದು ಇನ್ನೊಂದು. ಎರಡಕ್ಕೂ ಧೂಮಪಾನ, ವಯಸ್ಸು ಮುಂತಾದ ಕೆಲವು ಕಾರಣಗಳು ಸಮಾನವಾಗಿದ್ದರೂ ಅವು ಒಂದೇ ಅಲ್ಲ. ಮಹಾಪಧಮನಿಯ ಗೋಡೆಯನ್ನು ಬಿಗಿಯಾಗಿ ಹಿಡಿದಿರುವುದು ಕೊಲಾಜೆನ್ ಮತ್ತು ಎಲಾಸ್ಟಿನ್ ಎಂಬ ನಾರುಗಳು. ಉಬ್ಬು ಬೆಳೆಯುವ ಜಾಗದಲ್ಲಿ ಉರಿಯೂತದ ಕಣಗಳು ಸೇರಿಕೊಂಡು, ಈ ನಾರುಗಳನ್ನು ಕತ್ತರಿಸುವ ಕಿಣ್ವಗಳನ್ನು ಸುರಿಸುತ್ತವೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದಾಗ ಅದು ಈ ನಾರುಗಳಿಗೆ ಅಂಟಿಕೊಂಡು, ಒಂದು ನಾರನ್ನು ಇನ್ನೊಂದಕ್ಕೆ ಅಡ್ಡಡ್ಡಲಾಗಿ ಬೆಸೆದುಬಿಡುತ್ತದೆ. ಹಾಗೆ ಬೆಸೆದುಕೊಂಡ ನಾರು ಗಡುಸಾಗುತ್ತದೆ, ಕಿಣ್ವಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಇದೇ ಬೆಸುಗೆ ಕಣ್ಣು, ಕಿಡ್ನಿ ಮತ್ತು ಹೃದಯದಲ್ಲಿ ಹಾನಿ ಮಾಡುತ್ತದೆ. ಮಹಾಪಧಮನಿಯ ಈ ಒಂದು ಜಾಗದಲ್ಲಿ ಮಾತ್ರ ಗಡುಸುತನವೇ ಗೋಡೆಗೆ ಆಸರೆಯಾಗುತ್ತದೆ. ಇದರ ಜೊತೆಗೆ, ಮಧುಮೇಹಿಗಳ ಮಹಾಪಧಮನಿಯ ಗೋಡೆ ತುಸು ದಪ್ಪವಾಗಿದ್ದು ಅದರ ಮೇಲಿನ ಎಳೆತ ಕಡಿಮೆ ಎಂದು ಸ್ವೀಡನ್ನಿನ ಸಂಶೋಧಕರು ಅಳೆದು ತೋರಿಸಿದ್ದಾರೆ. ಗೋಡೆಯೊಳಗೆ ನುಗ್ಗುವ ಉರಿಯೂತದ ಕಣಗಳೂ ಅವರಲ್ಲಿ ಕಡಿಮೆ ಇರುವಂತೆ ತೋರುತ್ತದೆ. ಈ ಕಾರಣಗಳಲ್ಲಿ ಯಾವುದರ ಪಾಲು ಎಷ್ಟು ಎಂಬ ಚರ್ಚೆ ಮುಗಿದಿಲ್ಲ.

ಈಗ ನಿಮ್ಮ ತಂದೆಯವರ ವಿಷಯ. ಪುರುಷರಲ್ಲಿ ಉಬ್ಬು 5.5 ಸೆಂಟಿಮೀಟರ್ ತಲುಪುವವರೆಗೆ ಆಪರೇಷನ್ನಿನಿಂದ ಆಯುಷ್ಯ ಹೆಚ್ಚುವುದಿಲ್ಲ ಎಂಬುದನ್ನು ಬ್ರಿಟನ್ನಿನಲ್ಲಿ 1,090 ರೋಗಿಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಪರೀಕ್ಷೆಯೂ, 2002ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೂ ತೋರಿಸಿವೆ. ಆದ್ದರಿಂದ ಕಾಯುವ ಸಲಹೆ ಸರಿಯಾಗಿಯೇ ಇದೆ. 3.8ರಿಂದ 5.5ಕ್ಕೆ 17 ಮಿಲಿಮೀಟರ್ ಅಂತರ. ಸರಾಸರಿಯನ್ನೇ ಹಿಡಿದು ಭಾಗಿಸಿದರೆ, ಮಧುಮೇಹ ಇಲ್ಲದವರಿಗೆ ಎಂಟು ವರ್ಷಕ್ಕೆ ಸ್ವಲ್ಪ ಕಡಿಮೆ, ಇರುವವರಿಗೆ ಹತ್ತು ವರ್ಷ ಎಂಬ ಲೆಕ್ಕ ಬರುತ್ತದೆ. ಆದರೆ ಈ ಲೆಕ್ಕವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಡಿ. ಉಬ್ಬು ದೊಡ್ಡದಾದಂತೆ ಬೆಳೆಯುವ ವೇಗವೂ ಹೆಚ್ಚುತ್ತದೆ. ಕೆಲವರಲ್ಲಿ ಅದು ವರ್ಷಗಟ್ಟಲೆ ಅಲುಗದೆ ಇದ್ದು ಆಮೇಲೆ ಒಮ್ಮೆಗೇ ಬೆಳೆಯುತ್ತದೆ. ಅಲ್ಲದೆ, ಅಲ್ಟ್ರಾಸೌಂಡಿನಲ್ಲಿ ಇಬ್ಬರು ತಜ್ಞರು ಒಂದೇ ಉಬ್ಬನ್ನು ಅಳೆದರೂ ಕೆಲವು ಮಿಲಿಮೀಟರ್ ವ್ಯತ್ಯಾಸ ಬರಬಹುದು, ಎಂದರೆ ಮಧುಮೇಹದಿಂದ ಒಂದು ವರ್ಷದಲ್ಲಿ ಆಗುವ ಅರ್ಧ ಮಿಲಿಮೀಟರಿನ ವ್ಯತ್ಯಾಸ ಅಳತೆಯ ಏರುಪೇರಿನೊಳಗೇ ಮುಚ್ಚಿಹೋಗುತ್ತದೆ. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ಸತ್ಯ ಇದು. ಒಬ್ಬ ವ್ಯಕ್ತಿಯ ಮುಂದಿನ ಸ್ಕ್ಯಾನಿನ ದಿನಾಂಕವನ್ನು ಮುಂದೂಡುವಷ್ಟು ಭಾರ ಇದಕ್ಕಿಲ್ಲ. ಸಾಧ್ಯವಾದರೆ ಪ್ರತಿ ಸಲವೂ ಒಂದೇ ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸಿ, ಹಳೆಯ ವರದಿಯನ್ನು ಜೊತೆಗೆ ಕೊಂಡೊಯ್ಯಿರಿ.

ಪ್ರಶ್ನೆ: ನನಗೆ 68 ವರ್ಷ, 4.1 ಸೆಂಟಿಮೀಟರಿನ ಉಬ್ಬು ಇದೆ. ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8.6 ಇದೆ. ಸಕ್ಕರೆ ಜಾಸ್ತಿ ಇದ್ದರೆ ಉಬ್ಬು ನಿಧಾನವಾಗಿ ಬೆಳೆಯುವುದಾದರೆ, ಅದನ್ನು 7ಕ್ಕೆ ಇಳಿಸಲು ಇಷ್ಟೊಂದು ಒದ್ದಾಡುವುದು ಏಕೆ?
— ಓದುಗರು, ಧಾರವಾಡ

ಉತ್ತರ: ನಿಮ್ಮ ತರ್ಕದ ಮೊದಲ ಅರ್ಧಕ್ಕೆ ಆಧಾರವಿದೆ. ಡೆನ್ಮಾರ್ಕಿನಲ್ಲಿ ನಡೆದ ದೊಡ್ಡ ತಪಾಸಣಾ ಅಧ್ಯಯನವೊಂದರ ಭಾಗವಾಗಿ ಸಣ್ಣ ಉಬ್ಬು ಇದ್ದವರ ಎಚ್‌ಬಿಎ1ಸಿ ಅಳೆದಾಗ, ಅದು ಹೆಚ್ಚಿದ್ದವರಲ್ಲಿ ಉಬ್ಬು ನಿಧಾನವಾಗಿ ಬೆಳೆದದ್ದು ಕಂಡುಬಂತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿಯೂ, ಸಕ್ಕರೆ ಹೆಚ್ಚಿಸಿದ ಇಲಿಗಳಲ್ಲಿ ಉಬ್ಬು ಚಿಕ್ಕದಾಗಿಯೇ ಉಳಿಯಿತು.

ಎರಡನೆಯ ಅರ್ಧ ಮಾತ್ರ ಅಪಾಯಕಾರಿ. ಸಣ್ಣ ಉಬ್ಬು ಇರುವವರು ಉಬ್ಬು ಒಡೆದು ಸಾಯುವುದಕ್ಕಿಂತ ಹೃದಯಾಘಾತ ಮತ್ತು ಪಾರ್ಶ್ವವಾಯುವಿನಿಂದ ಸಾಯುವುದೇ ಹೆಚ್ಚು. ಮಧುಮೇಹ ಆ ಅಪಾಯವನ್ನು ಇನ್ನಷ್ಟು ಏರಿಸುತ್ತದೆ. ಉಬ್ಬಿನ ವಿಷಯದಲ್ಲಿ ವರ್ಷಕ್ಕೆ ಅರ್ಧ ಮಿಲಿಮೀಟರ್ ಉಳಿಸಿಕೊಳ್ಳಲು ಹೋಗಿ ಕಣ್ಣು, ಕಿಡ್ನಿ, ಕಾಲು, ಹೃದಯಗಳನ್ನು ಪಣಕ್ಕಿಡುವುದು ನಷ್ಟದ ವ್ಯವಹಾರ. ಮುಂದೊಂದು ದಿನ ನಿಮ್ಮ ಉಬ್ಬಿಗೆ ಚಿಕಿತ್ಸೆ ಬೇಕಾದರೆ, ಆಗ ಪ್ರತಿಯೊಂದು ತೀರ್ಮಾನವೂ ನಿಮ್ಮ ಹೃದಯ ಮತ್ತು ಕಿಡ್ನಿಗಳ ಆರೋಗ್ಯವನ್ನೇ ಅವಲಂಬಿಸಿರುತ್ತದೆ. ತೊಡೆಯ ಸಂದಿಯ ರಕ್ತನಾಳದ ಮೂಲಕ ಒಳಗೆ ಕೊಳವೆ ಕೂರಿಸುವ ವಿಧಾನದಲ್ಲಿ, ಎಕ್ಸ್-ರೇ ಚಿತ್ರದಲ್ಲಿ ರಕ್ತನಾಳ ಎದ್ದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ದ್ರವ ಚುಚ್ಚಬೇಕಾಗುತ್ತದೆ, ದುರ್ಬಲ ಕಿಡ್ನಿಗೆ ಅದು ಹೊರೆ. ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಹೃದಯದ ಮೇಲೆ ಒತ್ತಡ ಹೆಚ್ಚು, ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯಕ್ಕೆ ಸೋಂಕು ತಗಲುವ ಭಯ ಬೇರೆ. ಈ ಇಡೀ ಸಂಬಂಧದಲ್ಲಿ ಜನರು ತಪ್ಪಾಗಿ ಅರ್ಥಮಾಡಿಕೊಳ್ಳುವ ಸಾಧ್ಯತೆ ಇರುವ ಜಾಗ ಇದೇ ಎಂಬುದು ನನ್ನ ಆತಂಕ, ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ. ನಿಮ್ಮ ಎಚ್‌ಬಿಎ1ಸಿ ಎಷ್ಟಿರಬೇಕು ಎಂಬ ಗುರಿಯನ್ನು ವಯಸ್ಸು, ಕಿಡ್ನಿಯ ಸ್ಥಿತಿ ಮತ್ತು ಸಕ್ಕರೆ ಏಕಾಏಕಿ ಇಳಿಯುವ ಅಪಾಯ ನೋಡಿ ನಿಮ್ಮ ವೈದ್ಯರು ನಿರ್ಧರಿಸಲಿ. ಆ ನಿರ್ಧಾರದಲ್ಲಿ ಉಬ್ಬಿಗೆ ಸ್ಥಾನ ಬೇಡ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಇಲ್ಲ. 4.3 ಸೆಂಟಿಮೀಟರಿನ ಉಬ್ಬು ಇದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಇದರ ಬೆಳವಣಿಗೆಯನ್ನು ತಡೆಯುತ್ತದೆ ಎಂದು ಓದಿದೆ. ಅಗ್ಗದ ಮಾತ್ರೆ, ಲಕ್ಷಾಂತರ ಜನ ನುಂಗುತ್ತಾರೆ. ನಾನೂ ಶುರು ಮಾಡಬಹುದೇ?
— ಓದುಗರು, ಬೆಂಗಳೂರು

ಉತ್ತರ: ನೀವಾಗಿಯೇ ಶುರು ಮಾಡಬೇಡಿ. ಆದರೆ ನಿಮ್ಮ ಪ್ರಶ್ನೆ ಈ ಕ್ಷೇತ್ರದ ಅತ್ಯಂತ ಜೀವಂತ ಪ್ರಶ್ನೆ, ಹಾಗಾಗಿ ವಿವರವಾಗಿಯೇ ಹೇಳುತ್ತೇನೆ.

ಉಬ್ಬು ನಿಧಾನವಾಗುವುದು ಸಕ್ಕರೆಯಿಂದಲೋ ಅಥವಾ ಸಕ್ಕರೆಗೆ ಕೊಡುವ ಔಷಧಿಯಿಂದಲೋ ಎಂಬ ಅನುಮಾನ ಸಂಶೋಧಕರಿಗೆ ಬಂದದ್ದು ಸಹಜ. 2016ರಿಂದ ಈಚೆಗೆ ಬಂದ ಹಲವು ವರದಿಗಳು ಮೆಟ್‌ಫಾರ್ಮಿನ್ ಕಡೆಗೆ ಬೊಟ್ಟು ಮಾಡಿದವು. ಆಸ್ಟ್ರೇಲಿಯಾದ ಸಂಶೋಧಕರ ನೇತೃತ್ವದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದ ಮಧುಮೇಹಿಗಳಲ್ಲಿ ಉಬ್ಬು ನಿಧಾನವಾಗಿ ಬೆಳೆಯಿತು, ಬೇರೆ ಮಧುಮೇಹ ಔಷಧಿಗಳಿಗೆ ಅಂತಹ ಸಂಬಂಧ ಕಾಣಲಿಲ್ಲ. 2019ರಲ್ಲಿ ಅಮೆರಿಕದ ನಿವೃತ್ತ ಸೈನಿಕರ ಪೈಕಿ ಮಧುಮೇಹ ಮತ್ತು ಉಬ್ಬು ಎರಡೂ ಇದ್ದ 13,834 ಮಂದಿಯ ದಾಖಲೆಗಳನ್ನು ಪರಿಶೀಲಿಸಿದಾಗ, ಮೆಟ್‌ಫಾರ್ಮಿನ್ ಪಡೆಯುತ್ತಿದ್ದವರಲ್ಲಿ ಬೆಳವಣಿಗೆ ಸ್ವಲ್ಪ ಕಡಿಮೆ ಎಂಬುದೇ ಕಂಡುಬಂತು. ಈ ಔಷಧಿ ಸಕ್ಕರೆ ಇಳಿಸುವುದಲ್ಲದೆ ಉರಿಯೂತವನ್ನೂ ತಗ್ಗಿಸುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿರುವುದರಿಂದ, ಈ ಊಹೆ ಅಸಂಭವವೇನಲ್ಲ.

ಆದರೂ ಎರಡು ವಿಷಯ ನನ್ನನ್ನು ತಡೆದು ನಿಲ್ಲಿಸುತ್ತವೆ. ಮೊದಲನೆಯದಾಗಿ, ಮೆಟ್‌ಫಾರ್ಮಿನ್ ಯಾರಿಗೆ ಸಿಗುತ್ತದೆ ಎಂಬುದನ್ನು ಯೋಚಿಸಿ. ಕಿಡ್ನಿ ಕೆಟ್ಟವರಿಗೆ, ಹೃದಯ ತೀರಾ ದುರ್ಬಲವಾದವರಿಗೆ, ಬಹುಕಾಲದ ಮಧುಮೇಹದಿಂದ ಇನ್ಸುಲಿನ್ನಿಗೆ ಹೋದವರಿಗೆ ವೈದ್ಯರು ಅದನ್ನು ಕಡಿಮೆ ಕೊಡುತ್ತಾರೆ, ಇಲ್ಲವೇ ಕೊಡುವುದೇ ಇಲ್ಲ. ಹಾಗಾಗಿ ಮಾತ್ರೆ ನುಂಗುವ ಗುಂಪು ಮೊದಲಿನಿಂದಲೇ ಹೆಚ್ಚು ಆರೋಗ್ಯವಂತ ಗುಂಪಾಗಿರುವ ಸಾಧ್ಯತೆ ಇದೆ. ಹಳೆಯ ದಾಖಲೆಗಳನ್ನು ತಿರುವಿಹಾಕಿ ಮಾಡುವ ಅಧ್ಯಯನ ಈ ದೋಷವನ್ನು ಸಂಪೂರ್ಣವಾಗಿ ತೊಡೆದುಹಾಕಲಾರದು. ಇನ್ನೊಂದು ಸಂಗತಿಯೂ ಇದೆ. ಮೇಲೆ ಹೇಳಿದ 73,451 ಜನರ ಸಮೀಕ್ಷೆಯ ಸ್ಕ್ಯಾನುಗಳು ನಡೆದದ್ದು 1990ರ ದಶಕದ ಮೊದಲ ಭಾಗದಲ್ಲಿ. ಅಮೆರಿಕದಲ್ಲಿ ಮೆಟ್‌ಫಾರ್ಮಿನ್ ಮಾರಾಟಕ್ಕೆ ಬಂದದ್ದು 1995ರಲ್ಲಿ. ಎಂದರೆ ಆ ಮಾತ್ರೆ ಅಲ್ಲಿ ಬಳಕೆಗೆ ಬರುವ ಮೊದಲೇ ಮಧುಮೇಹಿಗಳಲ್ಲಿ ಉಬ್ಬು ಕಡಿಮೆ ಇತ್ತು. ಮೆಟ್‌ಫಾರ್ಮಿನ್ ಪಾತ್ರ ಇರಬಹುದು, ಆದರೆ ಎಲ್ಲವೂ ಅದರದೇ ಎಂದು ಹೇಳಲಾಗದು.

ಎರಡನೆಯದು, ಈ ಕಾಯಿಲೆಯಲ್ಲಿ ಭರವಸೆ ಹುಟ್ಟಿಸಿದ ಔಷಧಿಗಳ ಇತಿಹಾಸ. ನಾರುಗಳನ್ನು ಕತ್ತರಿಸುವ ಕಿಣ್ವಗಳನ್ನು ತಡೆಯುತ್ತದೆ ಎಂಬ ಕಾರಣಕ್ಕೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮೇಲೆ ಬಹಳ ನಿರೀಕ್ಷೆ ಇತ್ತು, ಪ್ರಾಣಿಗಳಲ್ಲಿ ಅದು ಫಲವನ್ನೂ ಕೊಟ್ಟಿತ್ತು. ಅಮೆರಿಕದಲ್ಲಿ ಎರಡು ವರ್ಷಗಳ ಕಾಲ ಒಂದು ಗುಂಪಿಗೆ ಔಷಧಿಯನ್ನೂ ಇನ್ನೊಂದಕ್ಕೆ ಖಾಲಿ ಮಾತ್ರೆಯನ್ನೂ ಕೊಟ್ಟು ನೋಡಿದಾಗ ಯಾವ ವ್ಯತ್ಯಾಸವೂ ಕಾಣಲಿಲ್ಲ ಎಂದು 2020ರಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ ಬಿಪಿಯ ಮಾತ್ರೆ ಪ್ರೊಪ್ರನೊಲಾಲ್, ಆಮೇಲೆ ಇನ್ನೊಂದು ಬಿಪಿ ಮಾತ್ರೆ ಪೆರಿಂಡೋಪ್ರಿಲ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಟೈಕಾಗ್ರೆಲಾರ್ ಎಲ್ಲವೂ ಇದೇ ರೀತಿ ಸೋತವು. ಮೆಟ್‌ಫಾರ್ಮಿನ್ ಮೇಲೂ ಅದೇ ಬಗೆಯ ಪರೀಕ್ಷೆಗಳನ್ನು ಸ್ವೀಡನ್, ಆಸ್ಟ್ರೇಲಿಯಾ, ಅಮೆರಿಕ ಮತ್ತು ಆಸ್ಟ್ರಿಯಾದ ಸಂಶೋಧಕರು ಕೈಗೊಂಡಿದ್ದಾರೆ. ಇಂತಹ ಔಷಧಿಯನ್ನು ಉಬ್ಬಿಗಾಗಿ ಕೊಡಬೇಕೇ ಎಂಬುದನ್ನು ತೀರ್ಮಾನಿಸಬೇಕಾದದ್ದು ಅವುಗಳ ಆಧಾರದ ಮೇಲೆ.

ಮೆಟ್‌ಫಾರ್ಮಿನ್ ಬಹುಮಟ್ಟಿಗೆ ಸುರಕ್ಷಿತ ಔಷಧಿಯೇ. ಆದರೂ ಹೊಟ್ಟೆ ಕೆಡಿಸುವುದು, ದೀರ್ಘಕಾಲದಲ್ಲಿ ಬಿ12 ಜೀವಸತ್ವದ ಕೊರತೆ ತರುವುದು ಅದರ ಗೊತ್ತಿರುವ ತೊಂದರೆಗಳು. ಕಿಡ್ನಿ ದುರ್ಬಲವಾಗಿದ್ದರೆ ಅದರಿಂದ ರಕ್ತದಲ್ಲಿ ಆಮ್ಲ ಶೇಖರವಾಗುವ ಅಪರೂಪದ, ಆದರೆ ಮಾರಕವಾದ ಸ್ಥಿತಿ ಉಂಟಾಗಬಹುದು. ನಿಮ್ಮಂತೆ ಉಬ್ಬು ಇರುವವರಿಗೆ ಒಂದಲ್ಲ ಒಂದು ದಿನ ಕಾಂಟ್ರಾಸ್ಟ್ ಕೊಟ್ಟು ಸಿಟಿ ಸ್ಕ್ಯಾನ್ ಮಾಡುತ್ತಾರೆ. ಆಗ ಕಿಡ್ನಿಯ ಸ್ಥಿತಿ ನೋಡಿ ಈ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ವೈದ್ಯರಿಗೆ ತಿಳಿಸದೆ ನುಂಗುತ್ತಿದ್ದರೆ ನಿಲ್ಲಿಸಲು ಹೇಳುವವರು ಯಾರು? ಇನ್ನು, ಈಗಾಗಲೇ ಮಧುಮೇಹಕ್ಕೆ ಇದೇ ಮಾತ್ರೆ ತೆಗೆದುಕೊಳ್ಳುತ್ತಿರುವ ಓದುಗರು ನೆಮ್ಮದಿಯಿಂದ ಮುಂದುವರಿಸಿ. ಅವರಿಗೆ ಅದರಿಂದ ಸಿಗುವ ಲಾಭ ಉಬ್ಬಿನ ಚರ್ಚೆಯನ್ನು ಅವಲಂಬಿಸಿಲ್ಲ.

ಪ್ರಶ್ನೆ: ನನಗೆ 66 ವರ್ಷ. ಮೂವತ್ತು ವರ್ಷ ಬೀಡಿ ಸೇದಿದ್ದೇನೆ, ಈಗಲೂ ದಿನಕ್ಕೆ ಐದಾರು ಸೇದುತ್ತೇನೆ. ಸಕ್ಕರೆ ಕಾಯಿಲೆ ಇದೆ. ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಸಕ್ಕರೆ ಇರುವವರಿಗೆ ಉಬ್ಬು ಬರುವುದಿಲ್ಲ ಎಂದಮೇಲೆ ನಾನು ಸ್ಕ್ಯಾನ್ ಮಾಡಿಸಬೇಕೇ?
— ಓದುಗರು, ಕಲಬುರಗಿ

ಉತ್ತರ: ಖಂಡಿತ ಮಾಡಿಸಿ. ಬರುವುದು ಕಡಿಮೆ ಎಂದರೆ ಬರುವುದೇ ಇಲ್ಲ ಎಂದಲ್ಲ, ಅದರಲ್ಲೂ ಧೂಮಪಾನಿಗಳಲ್ಲಿ. ಮಧುಮೇಹದಿಂದ ವರ್ಷಕ್ಕೆ ಅರ್ಧ ಮಿಲಿಮೀಟರ್ ನಿಧಾನವಾಗುವ ಬೆಳವಣಿಗೆಯ ದೊಡ್ಡ ಪಾಲನ್ನು ಧೂಮಪಾನ ಮತ್ತೆ ಸೇರಿಸಿಬಿಡುತ್ತದೆ. ಉಬ್ಬು ಒಡೆಯುವ ಅಪಾಯವಂತೂ ಧೂಮಪಾನ ಮುಂದುವರಿಸುವವರಲ್ಲಿ ಎರಡರಷ್ಟು ಎಂದು ಮೇಲೆ ಹೇಳಿದ 2012ರ ವಿಶ್ಲೇಷಣೆಯೇ ತೋರಿಸಿದೆ. ಬೀಡಿ ಚಿಕ್ಕದು, ಆದ್ದರಿಂದ ಸಿಗರೇಟಿಗಿಂತ ವಾಸಿ ಎಂಬ ನಂಬಿಕೆ ನಮ್ಮಲ್ಲಿದೆ. ಅದಕ್ಕೆ ಯಾವ ಆಧಾರವೂ ಇಲ್ಲ.

ಒಮ್ಮೆಯಾದರೂ ಧೂಮಪಾನ ಮಾಡಿದ 65ರಿಂದ 75 ವರ್ಷದ ಪುರುಷರಿಗೆ ಒಂದು ಸಲ ಅಲ್ಟ್ರಾಸೌಂಡ್ ಮಾಡಿಸಬೇಕೆಂಬುದು ಅಮೆರಿಕದ ತಜ್ಞರ ಶಿಫಾರಸು. ಅದರಲ್ಲಿ ಮಧುಮೇಹಿಗಳಿಗೆ ವಿನಾಯಿತಿ ಇಲ್ಲ. ಭಾರತದಲ್ಲಿ ಇದಕ್ಕಾಗಿ ರಾಷ್ಟ್ರೀಯ ತಪಾಸಣಾ ಯೋಜನೆ ಇಲ್ಲ, ಆದರೆ ಹೊಟ್ಟೆಯ ಅಲ್ಟ್ರಾಸೌಂಡ್ ತಾಲ್ಲೂಕು ಕೇಂದ್ರಗಳಲ್ಲೂ ಲಭ್ಯ. ವಿಕಿರಣವಿಲ್ಲ, ಚುಚ್ಚುಮದ್ದಿಲ್ಲ, ಕೆಲವೇ ನಿಮಿಷದ ಕೆಲಸ. ವೈದ್ಯರು ಚೀಟಿ ಬರೆಯುವಾಗ ಮಹಾಪಧಮನಿಯ ಅಗಲವನ್ನು ಅಳೆದು ವರದಿಯಲ್ಲಿ ನಮೂದಿಸಬೇಕೆಂದು ಕೇಳಿಕೊಳ್ಳಿ, ಏಕೆಂದರೆ ಕೇಳದಿದ್ದರೆ ಹಲವು ಕಡೆ ಪಿತ್ತಕೋಶ, ಯಕೃತ್ತು, ಕಿಡ್ನಿಗಳಷ್ಟನ್ನೇ ನೋಡಿ ಬಿಡುತ್ತಾರೆ.

ನಿಮ್ಮ ಮೀನಖಂಡದ ನೋವು ನನಗೆ ಹೆಚ್ಚು ಚಿಂತೆ ತಂದಿದೆ. ನಡೆದಾಗ ಬಂದು ನಿಂತಾಗ ಹೋಗುವ ನೋವಾದರೆ, ಕಾಲಿನ ರಕ್ತನಾಳಗಳು ಕಿರಿದಾಗಿರಬಹುದು. ಇದು ಮಧುಮೇಹ ಮತ್ತು ಬೀಡಿ ಸೇರಿ ಮಾಡುವ ಹಾನಿ, ಇಲ್ಲಿ ಮಧುಮೇಹ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಈ ವಾರವೇ ವೈದ್ಯರನ್ನು ಕಂಡು ಪಾದದ ನಾಡಿ ಪರೀಕ್ಷೆ ಮಾಡಿಸಿಕೊಳ್ಳಿ, ಪಾದದಲ್ಲಿ ಗಾಯವಿದ್ದರೆ ಇಂದೇ ಹೋಗಿ. ಬೀಡಿಯನ್ನು ಕಡಿಮೆ ಮಾಡುವುದಲ್ಲ, ಬಿಡಬೇಕು. ಒಬ್ಬರೇ ಬಿಡಲು ಆಗದಿದ್ದರೆ ಅದಕ್ಕೂ ಔಷಧಿ ಮತ್ತು ಆಪ್ತಸಲಹೆ ಇವೆ, ಕೇಳಲು ಸಂಕೋಚ ಬೇಡ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿ ನೆಲೆಸಿದ್ದೇವೆ. 65 ತುಂಬಿದ ನನ್ನ ಪತಿಗೆ ಮಹಾಪಧಮನಿಯ ತಪಾಸಣೆಗೆ ಬರುವಂತೆ ಪತ್ರ ಬಂದಿದೆ. ಅವರಿಗೆ ಮಧುಮೇಹವಿದೆ, ಧೂಮಪಾನವಿಲ್ಲ. ಹೋಗಲೇಬೇಕೇ?
— ಓದುಗರು, ಲೆಸ್ಟರ್

ಉತ್ತರ: ಹೋಗಿ ಬರಲಿ. ಅಲ್ಲಿ 65 ತುಂಬುವ ಎಲ್ಲ ಪುರುಷರಿಗೂ ಆ ಪತ್ರ ಬರುತ್ತದೆ, ಯಾವ ಕಾಯಿಲೆಯ ಅನುಮಾನದಿಂದ ಕಳಿಸಿದ್ದಲ್ಲ. ದಕ್ಷಿಣ ಏಷ್ಯಾ ಮೂಲದ ಪುರುಷರಲ್ಲಿ ಈ ಉಬ್ಬು ಬಿಳಿಯರಿಗಿಂತ ಬಹಳ ಕಡಿಮೆ ಎಂದು ನಿಮ್ಮ ಊರಿನಲ್ಲಿಯೇ ನಡೆದ ಅಧ್ಯಯನ ತೋರಿಸಿದೆ. ಮಧುಮೇಹ ನಮ್ಮವರಲ್ಲಿ ಹೆಚ್ಚಿರುವುದು ಅದಕ್ಕೆ ಒಂದು ಕಾರಣವಾಗಿರಬಹುದು. ಆದ್ದರಿಂದ ಫಲಿತಾಂಶ ಸಹಜವಾಗಿಯೇ ಬರುವ ಸಂಭವ ಹೆಚ್ಚು. 3 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅಲ್ಲಿಗೆ ಈ ವಿಷಯ ಮುಗಿಯುತ್ತದೆ. 3.0ರಿಂದ 4.4 ಇದ್ದರೆ ವರ್ಷಕ್ಕೊಮ್ಮೆ, 4.5ರಿಂದ 5.4 ಇದ್ದರೆ ಮೂರು ತಿಂಗಳಿಗೊಮ್ಮೆ ಕರೆಯುವುದು ಅಲ್ಲಿನ ಪದ್ಧತಿ.

ಪ್ರಶ್ನೆ: ನನ್ನ ತಾಯಿಗೆ 69 ವರ್ಷ, ಸಕ್ಕರೆ ಮತ್ತು ಬಿಪಿ ಎರಡೂ ಇವೆ. 4.7 ಸೆಂಟಿಮೀಟರ್ ಉಬ್ಬು ಇದೆ. 5.5 ಆಗುವವರೆಗೆ ಕಾಯಬೇಕೆಂದು ಓದಿದ್ದೇವೆ.
— ಓದುಗರು, ಉಡುಪಿ

ಉತ್ತರ: 5.5ರ ಗೆರೆ ಮುಖ್ಯವಾಗಿ ಪುರುಷರ ಮೇಲಿನ ಅಧ್ಯಯನಗಳಿಂದ ಬಂದದ್ದು. ಮಹಿಳೆಯರಲ್ಲಿ ಈ ಉಬ್ಬು ವಿರಳ, ಆದರೆ ಅದೇ ಅಳತೆಯ ಉಬ್ಬು ಒಡೆಯುವ ಪ್ರಮಾಣ ಅವರಲ್ಲಿ ಪುರುಷರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು. ಅವರ ಮಹಾಪಧಮನಿ ಸಹಜವಾಗಿಯೇ ಸಣ್ಣದಾದ್ದರಿಂದ 4.7 ಎಂಬುದು ಅವರಿಗೆ ದೊಡ್ಡ ಹಿಗ್ಗುವಿಕೆಯೇ. ಆದ್ದರಿಂದ ಮಹಿಳೆಯರಲ್ಲಿ 5.0 ಸೆಂಟಿಮೀಟರ್ ತಲುಪಿದಾಗಲೇ ಚಿಕಿತ್ಸೆಯ ಬಗ್ಗೆ ಯೋಚಿಸುವುದು ರೂಢಿ. ಮಧುಮೇಹದಿಂದ ಬೆಳವಣಿಗೆ ನಿಧಾನ ಎಂಬ ಭರವಸೆಯ ಮೇಲೆ ಕಾಯುವ ಸ್ಥಿತಿ ಇದಲ್ಲ. ಈಗಲೇ ರಕ್ತನಾಳ ಶಸ್ತ್ರಚಿಕಿತ್ಸಾ ತಜ್ಞರನ್ನು ಕಂಡು ಹೃದಯ ಮತ್ತು ಕಿಡ್ನಿಯ ಪರೀಕ್ಷೆಗಳನ್ನು ಮುಗಿಸಿಟ್ಟುಕೊಳ್ಳಿ. ಬಿಪಿಯನ್ನು ಬಿಗಿಯಾಗಿ ಹತೋಟಿಯಲ್ಲಿಡಿ. ಅದು ಬೆಳವಣಿಗೆಯನ್ನು ತಡೆಯದಿದ್ದರೂ, ಬಿಪಿ ಹೆಚ್ಚಿದ್ದವರಲ್ಲಿ ಉಬ್ಬು ಒಡೆಯುವುದು ಹೆಚ್ಚು ಎಂಬುದು ಸ್ಪಷ್ಟವಾಗಿದೆ.

ಪ್ರಶ್ನೆ: ನನ್ನ ಅಣ್ಣನಿಗೆ ಮಧುಮೇಹವೂ 4.4 ಸೆಂಟಿಮೀಟರಿನ ಉಬ್ಬೂ ಇವೆ. ಪದೇ ಪದೇ ಮೂತ್ರದ ಸೋಂಕು ಆಗುತ್ತದೆ. ಮೆಡಿಕಲ್ ಶಾಪಿನಿಂದ ಸಿಪ್ರೋಫ್ಲಾಕ್ಸಾಸಿನ್ ತಂದು ನುಂಗುತ್ತಾರೆ. ಇದರಿಂದ ಉಬ್ಬಿಗೆ ತೊಂದರೆ ಇದೆಯೇ?
— ಓದುಗರು, ಮೈಸೂರು

ಉತ್ತರ: ಇದೆ, ಮತ್ತು ಈ ವಿಷಯ ನಮ್ಮಲ್ಲಿ ಸಾಕಷ್ಟು ಜನರಿಗೆ ಗೊತ್ತಿಲ್ಲ. ಸಿಪ್ರೋಫ್ಲಾಕ್ಸಾಸಿನ್, ಲೀವೋಫ್ಲಾಕ್ಸಾಸಿನ್ ಮುಂತಾದ ಫ್ಲೋರೋಕ್ವಿನಲೋನ್ ಗುಂಪಿನ ಆಂಟಿಬಯೋಟಿಕ್‌ಗಳು ಮಹಾಪಧಮನಿ ಸೀಳುವ ಅಥವಾ ಒಡೆಯುವ ಅಪಾಯವನ್ನು ಹೆಚ್ಚಿಸಬಹುದು, ಆದ್ದರಿಂದ ಉಬ್ಬು ಇರುವವರಿಗೆ ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಕೊಡಬೇಕು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ಎಚ್ಚರಿಸಿತು. ಮಧುಮೇಹಿಗಳಿಗೆ ಮೂತ್ರದ ಸೋಂಕು ಸಾಮಾನ್ಯ, ಈ ಮಾತ್ರೆಗಳ ಬಳಕೆಯೂ ನಮ್ಮಲ್ಲಿ ಸಾಮಾನ್ಯ. ಹಾಗಾಗಿ ನಿಮ್ಮ ಅಣ್ಣನವರಂತಹವರಲ್ಲಿ ಈ ಎರಡೂ ಸೇರಿಕೊಳ್ಳುತ್ತವೆ. ಅವರು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿ, ಉಬ್ಬಿನ ವಿಷಯವನ್ನು ಮೊದಲೇ ಹೇಳಿ, ಬೇರೆ ಗುಂಪಿನ ಔಷಧಿ ಬರೆಸಿಕೊಳ್ಳಲಿ.

ಮಧುಮೇಹದ ಪರವಾಗಿ ಇಷ್ಟೆಲ್ಲ ಅಂಕಿಅಂಶ ಹೇಳಿದ ಮೇಲೆ ಒಂದು ಅಪವಾದವನ್ನೂ ಹೇಳಬೇಕು. ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾ ಮಹಾಪಧಮನಿಯ ಗೋಡೆಗೇ ಸೋಂಕು ತಗಲಿಸಿ ಉಂಟುಮಾಡುವ ಉಬ್ಬು ಬೇರೆ ಜಾತಿಯದು. ಅದು ವಾರಗಳಲ್ಲಿ, ಕೆಲವೊಮ್ಮೆ ದಿನಗಳಲ್ಲಿ ಬೆಳೆಯುತ್ತದೆ. ಮಧುಮೇಹಿಗಳಲ್ಲಿ ಅದರ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ. ಬಿಡದ ಜ್ವರದ ಜೊತೆಗೆ ಹೊಟ್ಟೆ ಅಥವಾ ಬೆನ್ನಿನಲ್ಲಿ ನೋವು ಬಂದರೆ, ಅದನ್ನು ಮೂತ್ರದ ಸೋಂಕು ಎಂದುಕೊಂಡು ಮನೆಯಲ್ಲಿ ಕೂರಬಾರದು.

ಜ್ವರವಿಲ್ಲದಿದ್ದರೂ ಸರಿ, ಉಬ್ಬು ಇದೆ ಎಂದು ಗೊತ್ತಿರುವ ಯಾರಿಗಾದರೂ ಹೊಟ್ಟೆ, ಸೊಂಟ ಅಥವಾ ಬೆನ್ನಿನಲ್ಲಿ ಹಠಾತ್ತನೆ ತೀವ್ರ ನೋವು ಬಂದು ತಲೆ ಸುತ್ತಿದರೆ, ಬೆವರಿದರೆ, ಪ್ರಜ್ಞೆ ತಪ್ಪಿದಂತಾದರೆ, ಅದು ಉಬ್ಬು ಒಡೆಯುತ್ತಿರುವ ಸೂಚನೆ ಎಂದೇ ತಿಳಿದು 108ಕ್ಕೆ ಕರೆ ಮಾಡಿ. ಈ ನೋವನ್ನು ಕಿಡ್ನಿ ಕಲ್ಲಿನ ನೋವೆಂದು ತಪ್ಪಾಗಿ ಭಾವಿಸುವುದು ಆಸ್ಪತ್ರೆಗಳಲ್ಲಿಯೂ ನಡೆಯುತ್ತದೆ. ಆದ್ದರಿಂದ ಬಾಗಿಲಲ್ಲಿ ಸಿಗುವ ಮೊದಲ ವೈದ್ಯರಿಗೆ, ಸಕ್ಕರೆ ಕಾಯಿಲೆಯ ವಿಷಯಕ್ಕಿಂತ ಮುಂಚೆ, ಮಹಾಪಧಮನಿಯಲ್ಲಿ ಇಷ್ಟು ಸೆಂಟಿಮೀಟರಿನ ಉಬ್ಬು ಇದೆ ಎಂದು ಹೇಳಿ, ಸ್ಕ್ಯಾನ್ ವರದಿಯನ್ನು ಅವರ ಕೈಗೆ ಕೊಡಿ.